ನಳಿಗೆ ಉದ್ದವಿದ್ದರೆ ಗುಂಡು ಜೋರೇ?

ಕಳೆದ ಸಂಚಿಕೆಯಲ್ಲಿ ಪ್ರೆಶರ್ ಕುಕ್ಕರಿನ ಸೀಟಿಯ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ತೊಗರಿಬೇಳೆಗೆ ಮೂರು ಸೀಟಿ ಸಾಕೋ ಐದು ಬೇಕೋ ಎಂಬ ಜಗಳವೇ. ಒಂದು ಪತ್ರ ಮಾತ್ರ ಬೇರೆ ದಾರಿ ಹಿಡಿದಿತ್ತು. ಥಾಣೆಯಲ್ಲಿ ನೆಲೆಸಿರುವ ಕೊಡಗಿನ ಓದುಗರೊಬ್ಬರು ಬರೆದದ್ದು.

ಅವರ ಮಗಳು ಕಾಲೇಜಿನಲ್ಲಿ ಎರಡನೇ ವರ್ಷ. ಎನ್‌ಸಿಸಿಯಲ್ಲಿ ಪಾಯಿಂಟ್ ಟೂ-ಟೂ ರೈಫಲ್ ಹಿಡಿದವಳು, 2024ರಲ್ಲಿ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದ ಮೇಲೆ ಹುಚ್ಚು ಹತ್ತಿಸಿಕೊಂಡಿದ್ದಾಳೆ. ಕ್ಲಬ್ಬಿನ ರೈಫಲ್‌ನಲ್ಲಿ ಇಷ್ಟು ದಿನ ನಡೆಯಿತು, ಇನ್ನು ಸ್ವಂತದ್ದು ಬೇಕು ಎನ್ನುತ್ತಿದ್ದಾರಂತೆ ಕೋಚ್. ಬಳಸಿದ ಎರಡು ರೈಫಲ್‌ಗಳು ಮಾರಾಟಕ್ಕಿವೆ. ಒಂದರ ನಳಿಗೆ 69 ಸೆಂ.ಮೀ., ಇನ್ನೊಂದರದು 50 ಸೆಂ.ಮೀ., ಅದರ ಮುಂದಕ್ಕೊಂದು ಖಾಲಿ ಕೊಳವೆ ಜೋಡಿಸಿದೆ. ಉದ್ದದ್ದಕ್ಕೆ ಒಂದು ಲಕ್ಷದ ಹತ್ತಿರ ಹೆಚ್ಚು ಬೆಲೆ. ಮಾರುವವನ ಮಾತು: 'ಉದ್ದ ನಳಿಗೆ, ಜಾಸ್ತಿ ವೇಗ, ಜಾಸ್ತಿ ಪಾಯಿಂಟ್.' ವಿರಾಜಪೇಟೆಯಲ್ಲಿರುವ ಮಾವನವರೂ ಫೋನಿನಲ್ಲಿ ಅದನ್ನೇ ಹೇಳಿದರಂತೆ, ಆಳೆತ್ತರದ ಕೋವಿಯ ಏಟು ಗಿಡ್ಡ ಕೋವಿಗೆ ಎಲ್ಲಿಂದ ಬರಬೇಕು ಎಂದು. 'ಸರ್, ಎಫ್‌ಡಿ ಮುರಿಯುವ ಮೊದಲು ನಿಮ್ಮನ್ನು ಕೇಳೋಣ ಅನ್ನಿಸಿತು' ಎಂದು ಬರೆದಿದ್ದಾರೆ. ಪತ್ರದ ಕೊನೆಯಲ್ಲಿ ಇನ್ನೊಂದು ಪ್ರಶ್ನೆಯೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮಾವನವರು ಹೇಳಿದ್ದು ಸುಳ್ಳಲ್ಲ. ಆದರೆ ಅದು ಅವರ ಕೋವಿಯ ಮಟ್ಟಿಗೆ ನಿಜ, ಮೊಮ್ಮಗಳ ರೈಫಲ್‌ಗೆ ಅನ್ವಯಿಸುವುದಿಲ್ಲ. ಯಾಕೆ ಎನ್ನುವುದಕ್ಕೆ ಕುಕ್ಕರಿನಿಂದಲೇ ಹೊರಡೋಣ.

ಕುಕ್ಕರಿನೊಳಗೆ ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಹೆಚ್ಚು ಒತ್ತಡ. ಸೈನ್ಯದ ರೈಫಲ್‌ನಲ್ಲಿ ಮದ್ದು ಹೊತ್ತಿಕೊಂಡಾಗ ಅದು 3,500 ಕೆ.ಜಿ. ಮೀರುತ್ತದೆ. ಈ ಗರಿಷ್ಠ ಒತ್ತಡ ಬರುವುದು ಗುಂಡು ನಳಿಗೆಯಲ್ಲಿ ಕೆಲವೇ ಸೆಂಟಿಮೀಟರ್ ಸರಿದಿರುವಾಗ. ಅಲ್ಲಿಂದ ಮುಂದೆ ಇಳಿಕೆಯೇ. ಗುಂಡು ಮುಂದೆ ಹೋದಷ್ಟೂ ಅದರ ಹಿಂದಿನ ಜಾಗ ಹಿಗ್ಗುತ್ತದೆ, ಅನಿಲ ಹರಡಿಕೊಳ್ಳುತ್ತದೆ, ತಣಿಯುತ್ತದೆ. ತಳ್ಳುವುದು ನಿಂತಿರುವುದಿಲ್ಲ, ಆದರೆ ಕಸುವು ಕಡಿಮೆಯಾಗುತ್ತ ಬರುತ್ತದೆ. ಕೆಟ್ಟು ನಿಂತ ಆಟೋವನ್ನು ನಾಲ್ಕು ಜನ ತಳ್ಳುತ್ತಿದ್ದಾರೆ ಎಂದುಕೊಳ್ಳಿ. ಹತ್ತು ಹೆಜ್ಜೆಗೆ ಒಬ್ಬ ಕೈಬಿಟ್ಟ, ಇನ್ನು ಹತ್ತು ಹೆಜ್ಜೆಗೆ ಇನ್ನೊಬ್ಬ. ಕೊನೆಗೆ ಉಳಿದವನು ತಳ್ಳಿದರೂ ಆಟೋ ಇನ್ನಷ್ಟು ಓಡುತ್ತದೆ, ಆದರೆ ಮೊದಲ ಹತ್ತು ಹೆಜ್ಜೆಯ ಲಾಭ ಸಿಗುವುದಿಲ್ಲ. ಇವನೂ ಕೈಬಿಟ್ಟ ಮೇಲೆ? ಆಗ ರಸ್ತೆ ಎಷ್ಟು ಉದ್ದವಿದ್ದರೂ ಆಟೋ ನಿಧಾನವಾಗುತ್ತದೆಯೇ ಹೊರತು ಜೋರಾಗುವುದಿಲ್ಲ.

ನಳಿಗೆಯ ಉದ್ದದ ಪ್ರಶ್ನೆಯೆಲ್ಲ ಇಷ್ಟೇ: ಕೊನೆಯವನು ಕೈಬಿಡುವುದು ಎಲ್ಲಿ? ಅದನ್ನು ತೀರ್ಮಾನಿಸುವುದು ತೋಟೆಯಲ್ಲಿ ಎಷ್ಟು ಮದ್ದಿದೆ, ಯಾವ ಬಗೆಯ ಮದ್ದಿದೆ ಎಂಬುದು.

ಕೊನೆಯವನು ಕೈಬಿಡುವವರೆಗೂ ಬಿಡೆನು ಎಂದು ಹೊರಟವರೂ ಇದ್ದರು. ಮೊದಲ ಮಹಾಯುದ್ಧದಲ್ಲಿ, 1918ರಲ್ಲಿ, ಜರ್ಮನರು ಪ್ಯಾರಿಸ್ ಮೇಲೆ ಗುಂಡೆಸೆಯಲು ಒಂದು ಫಿರಂಗಿ ಮಾಡಿದರು. ನಳಿಗೆ ಸುಮಾರು 34 ಮೀಟರ್. ತನ್ನ ಭಾರಕ್ಕೆ ತಾನೇ ಬಾಗುತ್ತದೆಂದು ಸೇತುವೆಗೆ ಕಟ್ಟುವಂತೆ ಮೇಲಿನಿಂದ ಬಿಗಿದು ಕಟ್ಟಿದ್ದರು. ಗುಂಡು ಸೆಕೆಂಡಿಗೆ 1,600 ಮೀಟರಿಗೂ ಹೆಚ್ಚು ವೇಗದಲ್ಲಿ ಹೊರಟು 120 ಕಿಲೋಮೀಟರ್ ಆಚೆ ಬೀಳುತ್ತಿತ್ತು. ಆದರೆ ಪ್ರತಿ ಗುಂಡಿಗೂ ನಳಿಗೆಯ ಒಳಮೈ ಎಷ್ಟು ಸವೆಯುತ್ತಿತ್ತೆಂದರೆ ಗುಂಡುಗಳಿಗೆ ನಂಬರ್ ಹಾಕಿ, ಒಂದಕ್ಕಿಂತ ಮುಂದಿನದನ್ನು ಚೂರು ದಪ್ಪ ಮಾಡಿ, ಅದೇ ಕ್ರಮದಲ್ಲಿ ಹಾರಿಸಬೇಕಿತ್ತು.

ಇನ್ನು ಮಾವನವರ ಕೋವಿ. ಕೈಲ್ ಪೊಳ್ದ್ ದಿನ ಹೂವಿಟ್ಟು ಪೂಜೆ ಮಾಡುವ, ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಆ ಕೋವಿಗಳಲ್ಲಿ ಹಳೆಯವೆಲ್ಲ ಕೇಪಿನ ಕೋವಿಗಳು. ಬಾಯಿಂದ ಕರಿಮದ್ದು ಸುರಿದು, ಗುಂಡೋ ಚರೆಯೋ ಗಿಡಿದು, ಹಿಂದೆ ಕೇಪು ಸಿಕ್ಕಿಸಿ ಹೊಡೆಯುವಂಥವು. ಅವು ಉದ್ದವಿದ್ದವು, ಅದಕ್ಕೆ ಕಾರಣವೂ ಇತ್ತು. ಕರಿಮದ್ದು ಕೊಡುವ ಒತ್ತಡ ಇಂದಿನ ಮದ್ದಿಗಿಂತ ಬಹಳ ಕಡಿಮೆ; ಆ ಮೆಲು ತಳ್ಳುವಿಕೆಯಿಂದ ಸಾಕಷ್ಟು ವೇಗ ಹಿಂಡಬೇಕಾದರೆ ಓಡುವ ದಾರಿ ಉದ್ದವಿರಬೇಕು.

ಆ ಕಾಲದಲ್ಲಿಯೂ ಉದ್ದದ ಎಲ್ಲ ಅಂಗುಲಗಳೂ ವೇಗಕ್ಕಾಗಿ ಇರಲಿಲ್ಲ. ಇಂಗ್ಲಿಷರ ಹಳೆಯ ಬ್ರೌನ್ ಬೆಸ್ ಬಂದೂಕಿನ ನಳಿಗೆ ಮೊದಲು 46 ಅಂಗುಲ ಇತ್ತು, ಆಮೇಲೆ 42 ಆಯಿತು. ಈಸ್ಟ್ ಇಂಡಿಯಾ ಕಂಪನಿ ತನ್ನ ಸಿಪಾಯಿಗಳಿಗಾಗಿ 39 ಅಂಗುಲದ್ದನ್ನು ಮಾಡಿಸಿತು. ಕಂಪನಿಗೆ ಬೇಕಿದ್ದದ್ದು ಅಗ್ಗದ, ಸರಳವಾದ ಬಂದೂಕು. ಫ್ರಾನ್ಸಿನೊಂದಿಗೆ ಯುದ್ಧ ಬಂದು ಬಂದೂಕು ಸಾಲದೆ ಹೋದಾಗ, 1797ರಲ್ಲಿ, ಬ್ರಿಟಿಷ್ ಸೈನ್ಯವೇ ಆ 'ಇಂಡಿಯಾ ಪ್ಯಾಟರ್ನ್' ಅನ್ನು ಒಪ್ಪಿಕೊಂಡಿತು, ನೆಪೋಲಿಯನ್ ವಿರುದ್ಧದ ಯುದ್ಧಗಳನ್ನು ಹೆಚ್ಚಾಗಿ ಅದರಲ್ಲೇ ಮಾಡಿತು. ಕಡಿಮೆಯಾದ ಏಳು ಅಂಗುಲ ಯಾರಿಗೂ ಅಷ್ಟಾಗಿ ಬೇಕೆನಿಸಲಿಲ್ಲ. ಉದ್ದ ನಳಿಗೆ ಬೇಕಿದ್ದದ್ದು ಹಿಂದಿನ ಸಾಲಿನವನ ಬಂದೂಕಿನ ಬಾಯಿ ಮುಂದಿನವನ ಕಿವಿ ದಾಟಿ ಆಚೆಗಿರಲಿ ಎಂದು, ಮತ್ತೆ ತುದಿಗೆ ಬಯೊನೆಟ್ ಸಿಕ್ಕಿಸಿದರೆ ಕುದುರೆ ಸವಾರನನ್ನು ಮುಟ್ಟಲಿ ಎಂದು.

ಹೊಗೆಯಿಲ್ಲದ ಮದ್ದು ಬಂದದ್ದು 1880ರ ದಶಕದಲ್ಲಿ. ಫ್ರಾನ್ಸಿನ ಪಾಲ್ ವಿಯೆಲ್ ಮಾಡಿದ ಮದ್ದು 1886ರ ಲೆಬೆಲ್ ರೈಫಲ್‌ಗೆ ಸೇರಿತು. ನಮ್ಮ ಪೊಲೀಸರ ಹೆಗಲ ಮೇಲೆ ಎಷ್ಟೋ ವರ್ಷ ನೋಡಿದ ಥ್ರೀ ನಾಟ್ ಥ್ರೀ ಮಾತ್ರ 1888ರಲ್ಲಿ ಹುಟ್ಟಿದಾಗ ಕರಿಮದ್ದಿನದ್ದೇ, ನಳಿಗೆ 30.2 ಅಂಗುಲ. ನಾಲ್ಕು ವರ್ಷದೊಳಗೆ ಮದ್ದು ಬದಲಾಗಿ ಕಾರ್ಡೈಟ್ ಬಂತು. ನಳಿಗೆಯ ಉದ್ದ ಹಾಗೇ ಉಳಿಯಿತು. ಬೋಯರ್ ಯುದ್ಧ ಮುಗಿಸಿ ಬಂದ ಬ್ರಿಟಿಷರು ಕಾಲಾಳಿಗೊಂದು, ಕುದುರೆ ಸವಾರನಿಗೊಂದು ಎನ್ನುವುದನ್ನು ಬಿಟ್ಟು ಎಲ್ಲರಿಗೂ ಒಂದೇ ಎಂದು 25.2 ಅಂಗುಲಕ್ಕೆ ಇಳಿಸಿದರು. ಆಗ ಎದ್ದ ಕೂಗು ಸಣ್ಣದಲ್ಲ. ಗುರಿಕಾರರು, ಪತ್ರಿಕೆಗಳು, ಬಂದೂಕು ತಯಾರಕರು ಎಲ್ಲರೂ ಗಿಡ್ಡ ರೈಫಲನ್ನು ಹಳಿದರು. ಹತ್ತು ವರ್ಷದಲ್ಲಿ ಮಹಾಯುದ್ಧ ಬಂತು, ಅದೇ ಗಿಡ್ಡ ರೈಫಲ್ ಹಿಡಿದು ಹೋದರು, ನಮ್ಮ ಸಿಪಾಯಿಗಳೂ ಸೇರಿ. ರೈಫಲ್ ಗಿಡ್ಡವಾದ್ದರಿಂದ ತಿವಿಯುವ ಉದ್ದ ಕಡಿಮೆಯಾಯಿತೆಂದು 1907ರಲ್ಲಿ 17 ಅಂಗುಲದ ಅಲಗಿನ ಬಯೊನೆಟ್ ಕೊಟ್ಟರು. ವೇಗ ಕಡಿಮೆಯಾಯಿತೆಂಬ ಗಲಾಟೆಯ ಅಡಿಯಲ್ಲಿ ಎಷ್ಟು ಭಾಗ ಈಟಿಯ ಕಾಲದ ಭಯವಿತ್ತು ಎನ್ನುವುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಕತ್ತರಿಸಿದರೆ ನಷ್ಟವೇ ಇಲ್ಲವೇ? ಇದೆ, ಅದನ್ನು ಅಳೆಯಬಹುದು. ಪುಣೆಯ ಪಾಷಾಣ್‌ನಲ್ಲಿರುವ ಎಆರ್‌ಡಿಇಯಲ್ಲಿ ರೂಪುಗೊಂಡ ಇನ್ಸಾಸ್ ರೈಫಲನ್ನೇ ತೆಗೆದುಕೊಳ್ಳಿ. ಸಾಮಾನ್ಯ ಜವಾನನ ಇನ್ಸಾಸ್ ನಳಿಗೆ 464 ಮಿ.ಮೀ., ಗುಂಡಿನ ವೇಗ ಸೆಕೆಂಡಿಗೆ 900 ಮೀಟರ್. ಅದೇ ತೋಟೆ ಹಾಕುವ ಇನ್ಸಾಸ್ ಎಲ್‌ಎಂಜಿಯ ನಳಿಗೆ 535 ಮಿ.ಮೀ., ವೇಗ 925. ಮೂರು ಅಂಗುಲಕ್ಕೆ ಚೂರು ಕಡಿಮೆ ಉದ್ದ ಸೇರಿಸಿದ್ದಕ್ಕೆ ಬಂದದ್ದು 25 ಮೀಟರ್, ಅಂದರೆ ನೂರಕ್ಕೆ ಮೂರು ಪಾಲೂ ಇಲ್ಲ. ದೊಡ್ಡ 7.62 ತೋಟೆಗಳಿಗೆ ಅಂಗುಲಕ್ಕೆ 6ರಿಂದ 8 ಮೀಟರ್ ಎಂಬುದು ರೂಢಿಯ ಲೆಕ್ಕ. ಅಮೆರಿಕದ ಹವ್ಯಾಸಿಗಳು ಒಂದೇ ನಳಿಗೆಯನ್ನು ಅಂಗುಲ ಅಂಗುಲವಾಗಿ ಗರಗಸಕ್ಕೆ ಕೊಟ್ಟು, ಪ್ರತಿ ಸಲ ಹೊಡೆದು ಅಳೆದಿದ್ದಾರೆ. ಇನ್ನೊಂದು ಮಾತು: ಒಂದೇ ಕಾರ್ಖಾನೆಯ, ಒಂದೇ ಉದ್ದದ ಎರಡು ನಳಿಗೆಗಳ ನಡುವೆಯೇ ಹತ್ತು-ಹದಿನೈದು ಮೀಟರ್ ಅಂತರ ಬರುವುದುಂಟು. ಒಳಮೈಯ ನಯ, ಕೂದಲೆಳೆಯ ಅಗಲ, ಅಷ್ಟೇ ಕಾರಣ. ಎರಡು ಅಂಗುಲದ ಬೆಲೆ ಅಲ್ಲಿಗೇ ಹೋಯಿತು.

ಉದ್ದ ನೋಡಿ ವೇಗ ಊಹಿಸುವುದು ಎಷ್ಟು ಮೋಸ ಎನ್ನುವುದಕ್ಕೆ ನಮ್ಮ ಸೈನ್ಯದ ಮೂರು ರೈಫಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹಳೆಯ ಎಸ್‌ಎಲ್‌ಆರ್ ನಳಿಗೆ 533 ಮಿ.ಮೀ., ವೇಗ ಸುಮಾರು 840 ಮೀಟರ್. ಇನ್ಸಾಸ್ 464, ವೇಗ 900. ಈಗ ಅಮೇಠಿಯ ಕೊರ್ವಾದಲ್ಲಿ ತಯಾರಾಗುವ ಎಕೆ-203, 415 ಮಿ.ಮೀ., ವೇಗ 715ರ ಆಸುಪಾಸು. ಎಲ್ಲಕ್ಕಿಂತ ಉದ್ದದ್ದು ಎಲ್ಲಕ್ಕಿಂತ ಜೋರಲ್ಲ. ಇನ್ಸಾಸಿಗೂ ಎಕೆಗೂ ನಳಿಗೆಯಲ್ಲಿ ಐದು ಸೆಂ.ಮೀ. ವ್ಯತ್ಯಾಸ, ವೇಗದಲ್ಲಿ ಹೆಚ್ಚೂಕಡಿಮೆ ಇನ್ನೂರು ಮೀಟರ್! ಎಕೆಯ ಗುಂಡು ಸುಮಾರು 8 ಗ್ರಾಂ, ಇನ್ಸಾಸಿನದು 4 ಗ್ರಾಂ. ಮಾತನಾಡುತ್ತಿರುವುದು ತೋಟೆ, ನಳಿಗೆಯಲ್ಲ.

ಇಲ್ಲಿಗೆ ಬಿಟ್ಟರೆ 'ಗಿಡ್ಡ ಮಾಡಿದರೆ ಏನೂ ತೊಂದರೆಯಿಲ್ಲ' ಎಂದ ಹಾಗಾಗುತ್ತದೆ. ಅದೂ ಸರಿಯಲ್ಲ. ಕತ್ತರಿಸುತ್ತ ಹೋದಂತೆ ಪ್ರತಿ ಅಂಗುಲ ದುಬಾರಿಯಾಗುತ್ತದೆ, ಏಕೆಂದರೆ ಈಗ ಕಳೆದುಕೊಳ್ಳುತ್ತಿರುವುದು ನಾಲ್ಕೂ ಜನ ತಳ್ಳುತ್ತಿದ್ದ ಹೆಜ್ಜೆಗಳನ್ನು. ಅಮೆರಿಕದ ಎಂ16ರ ನಳಿಗೆ 20 ಅಂಗುಲ. ಅದನ್ನು 14.5ಕ್ಕೆ ಇಳಿಸಿದ ಎಂ4ನಲ್ಲಿ ನಷ್ಟ ಸೆಕೆಂಡಿಗೆ ಸುಮಾರು 50 ಮೀಟರ್. ಆದರೆ ವಿಯೆಟ್ನಾಂ ಕಾಲದಲ್ಲಿ ವಿಶೇಷ ಪಡೆಗಳಿಗೆಂದು 10 ಅಂಗುಲಕ್ಕೆ ಕತ್ತರಿಸಿದ ಎಕ್ಸ್‌ಎಂ177ರಲ್ಲಿ ನೂರು ಮೀಟರಿಗೂ ಹೆಚ್ಚು ಹೋಯಿತು. ಅದಕ್ಕಿಂತ ದೊಡ್ಡ ಕಾಟ ಬೇರೆ: 20 ಅಂಗುಲದಲ್ಲಿ ಉರಿದು ಮುಗಿಯಬೇಕಾದ ಮದ್ದು ಬಾಯಿಯ ಹೊರಗೆ ಉರಿಯತೊಡಗಿತು. ರಾತ್ರಿ ಹೊಡೆದರೆ ಮುಖದ ಮುಂದೆ ಬೆಂಕಿಯ ಚೆಂಡು, ಕಿವಿ ಗಂಟೆಗಟ್ಟಲೆ ಗುಂಯ್ ಎನ್ನುವ ಸದ್ದು. ಅದನ್ನು ತಗ್ಗಿಸಲು ತುದಿಗೆ ನಾಲ್ಕು ಅಂಗುಲ ಮೀರಿದ ಒಂದು ಕೊಳವೆ ಹಾಕಬೇಕಾಯಿತು, ಆಮೇಲೆ ನಳಿಗೆಯನ್ನೂ 11.5 ಅಂಗುಲಕ್ಕೆ ಬೆಳೆಸಿದರು.

ಅದೇ ಎಂ16ರ ಇನ್ನೊಂದು ಕಥೆ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ಸೈನ್ಯ ತನ್ನ ಕಾಗದದಲ್ಲಿ ಒಂದು ಸಂಖ್ಯೆ ಬರೆದಿತ್ತು: ಸೆಕೆಂಡಿಗೆ 3,250 ಅಡಿ, ಅಂದರೆ 990 ಮೀಟರ್. ಮೊದಲಿನ ಮದ್ದಿನಿಂದ ಒತ್ತಡದ ಮಿತಿ ದಾಟದೆ ಆ ವೇಗ ಪ್ರತಿ ಸಲವೂ ಬರುತ್ತಿರಲಿಲ್ಲ. ನಳಿಗೆ ಉದ್ದ ಮಾಡುವ ಹಾಗಿಲ್ಲ, ಸಂಖ್ಯೆ ಬಿಡುವ ಮನಸ್ಸಿಲ್ಲ, ಉಳಿದದ್ದು ಮದ್ದು ಬದಲಾಯಿಸುವುದು. 1964ರಲ್ಲಿ ಬದಲಾಯಿಸಿದರು. ಸಂಖ್ಯೆ ಬಂತು. ಆದರೆ ರೈಫಲ್ ರೂಪಿಸಿದ್ದು ಹಳೆಯ ಮದ್ದಿಗೆ. ಮುಂದಿನ ತೋಟೆ ತುಂಬಲು ನಳಿಗೆಯ ನಡುವಿನ ಸಣ್ಣ ರಂಧ್ರದಿಂದ ಅದು ಸ್ವಲ್ಪ ಅನಿಲ ಕದಿಯುತ್ತದೆ. ಹೊಸ ಮದ್ದಿನಲ್ಲಿ ಆ ಜಾಗದ ಒತ್ತಡ ಹೆಚ್ಚು, ಮಸಿಯೂ ಹೆಚ್ಚು. ಯಂತ್ರ ಬೇಕಾದ್ದಕ್ಕಿಂತ ಜೋರಾಗಿ ಓಡತೊಡಗಿತು, ಸಿಕ್ಕಿಹಾಕಿಕೊಳ್ಳತೊಡಗಿತು. ಒಳಗೆ ಕ್ರೋಮ್ ಲೇಪನವಿಲ್ಲ, ಎಷ್ಟೋ ಜನರ ಬಳಿ ಒರೆಸುವ ಸಾಮಾನೂ ಇಲ್ಲ. ವಿಯೆಟ್ನಾಂ ಕಾಡಿನಲ್ಲಿ ಹುಡುಗರು ಸಿಕ್ಕಿಕೊಂಡ ರೈಫಲ್ ಕೈಯಲ್ಲಿ ಹಿಡಿದೇ ಸತ್ತರು. 1967ರಲ್ಲಿ ಅಮೆರಿಕದ ಸಂಸತ್ತಿನ ಒಂದು ಸಮಿತಿ ವಿಚಾರಣೆ ನಡೆಸಿ ಸೈನ್ಯವನ್ನು ತರಾಟೆಗೆ ತೆಗೆದುಕೊಂಡಿತು. ನಳಿಗೆ, ಮದ್ದು, ಗುಂಡು ಮೂರೂ ಒಂದಕ್ಕೊಂದು ಹೊಂದಿಸಿ ಮಾಡಿದ ಸಾಮಾನು. ವೇಗದ ಒಂದೇ ಅಂಕಿಯ ಬೆನ್ನು ಹತ್ತಿದರೆ ಹೊಂದಿಕೆ ತಪ್ಪುವುದು ಎಲ್ಲಿ ಎಂದು ಮೊದಲೇ ಕಾಣುವುದಿಲ್ಲ.

ಈಗ ಥಾಣೆಯ ಹುಡುಗಿಯ ಪಾಯಿಂಟ್ ಟೂ-ಟೂ. ಇದರ ನಳಿಗೆಯ ತೂತಿನ ಅಗಲ 5.6 ಮಿ.ಮೀ. ಇನ್ಸಾಸ್, ಎಂ16ರದೂ ಹೆಚ್ಚೂಕಡಿಮೆ ಅಷ್ಟೇ. ತೂತು ಒಂದೇ, ಆದರೆ ಸೈನ್ಯದ ತೋಟೆಯಲ್ಲಿ ಸುಮಾರು 1.7 ಗ್ರಾಂ ಮದ್ದು, ಇದರಲ್ಲಿ 0.1 ಗ್ರಾಮೂ ಇರುವುದಿಲ್ಲ. ಒಗ್ಗರಣೆಗೆ ಎರಡು ಬೆರಳಲ್ಲಿ ಚಿವುಟಿ ಹಾಕುವ ಇಂಗಿನಷ್ಟು. ಆ ಚಿಟಿಕೆ ಮದ್ದಿನ ಅನಿಲಕ್ಕೆ ಅದೇ ಅಗಲದ ಕೊಳವೆಯಲ್ಲಿ ಎಷ್ಟು ದೂರ ತಳ್ಳಲು ಸಾಧ್ಯ? ಸುಮಾರು 16ರಿಂದ 19 ಅಂಗುಲ, ಸೆಂಟಿಮೀಟರಿನಲ್ಲಿ 40ರಿಂದ 48. ಅಲ್ಲಿಗೆ ಕೊನೆಯವನೂ ಕೈಬಿಡುತ್ತಾನೆ. ಅದರಾಚೆ ಗುಂಡು ನಳಿಗೆಗೆ ಉಜ್ಜಿಕೊಂಡು ಹೋಗುವುದೊಂದೇ. 69 ಸೆಂ.ಮೀ. ನಳಿಗೆಯಿಂದ ಗುಂಡು ಹೊರಬೀಳುವಾಗ ವೇಗ ಹೆಚ್ಚಿರುವುದಿಲ್ಲ, ಕೆಲವು ಮೀಟರ್ ಇಳಿದಿರುವುದೇ ಸಾಮಾನ್ಯ. ಮಾರುವವನ ಮಾತಿನ ಮೊದಲ ಅರ್ಧ ಇಲ್ಲಿಗೆ ಬಿತ್ತು.

ಎರಡನೇ ಅರ್ಧ, ವೇಗ ಹೆಚ್ಚಾದರೆ ಪಾಯಿಂಟ್ ಹೆಚ್ಚು ಎನ್ನುವುದು, ಇನ್ನೂ ತಮಾಷೆಯದು. 50 ಮೀಟರ್ ಸ್ಪರ್ಧೆಯ ತೋಟೆಗಳನ್ನು ಬೇಕೆಂದೇ ನಿಧಾನಕ್ಕೆ ಮಾಡುತ್ತಾರೆ, ಸೆಕೆಂಡಿಗೆ 320-330 ಮೀಟರ್. ಶಬ್ದದ ವೇಗ ದಾಟಿದ ಗುಂಡು ಮತ್ತೆ ಅದಕ್ಕಿಂತ ಕೆಳಗಿಳಿಯುವಾಗ ಸ್ವಲ್ಪ ತೂಗಾಡುತ್ತದೆ. ಆ ಗೋಜೇ ಬೇಡವೆಂದು ಮೊದಲಿನಿಂದಲೂ ಕೆಳಗೇ ಇಡುತ್ತಾರೆ. ಪುಣೆಯ ಏಪ್ರಿಲ್ ಬಿಸಿಲಿನಲ್ಲಿ ಶಬ್ದದ ವೇಗ 355ರ ಹತ್ತಿರ, ಅಂತರ ಧಾರಾಳ. ದೆಹಲಿಯ ತುಘಲಕಾಬಾದ್ ರೇಂಜಿನಲ್ಲಿ ಜನವರಿ ಬೆಳಿಗ್ಗೆ ಐದು ಡಿಗ್ರಿ ಇದ್ದರೆ ಅದು 334ಕ್ಕೆ ಇಳಿದಿರುತ್ತದೆ, ಅಂತರ ಎಳೆಯಷ್ಟೇ. ದೆಹಲಿಯ ಓದುಗರಲ್ಲಿ ಶೂಟಿಂಗ್ ಮಾಡುವವರಿದ್ದರೆ ಗಮನಿಸಿ.

ಪಾಯಿಂಟ್ ತರುವುದು ವೇಗವಲ್ಲ, ವೇಗ ಒಂದೇ ಸಮ ಇರುವುದು. ಗುರಿಯ ಹತ್ತು ಅಂಕದ ವೃತ್ತ 10.4 ಮಿ.ಮೀ. ಅಗಲ. ಒಂದು ಗುಂಡಿಗೂ ಇನ್ನೊಂದಕ್ಕೂ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸ ಬಂದರೆ, ಕಾಗದದ ಮೇಲೆ ಲೆಕ್ಕ ಹಾಕಿದಾಗ, 50 ಮೀಟರ್ ದೂರದಲ್ಲಿ ಅದು 7-8 ಮಿ.ಮೀ. ಮೇಲೆ ಕೆಳಗಾಗುತ್ತದೆ. ಒಂದು ಪಂದ್ಯ ಕೈತಪ್ಪಲು ಅಷ್ಟು ಸಾಕು. ಅದಕ್ಕೇ ಗಂಭೀರವಾಗಿ ಆಡುವವರು ತಮ್ಮ ನಳಿಗೆಗೆ ಯಾವ ಲಾಟಿನ ತೋಟೆ ಸೇರುತ್ತದೆ ಎಂದು ನಾಲ್ಕಾರು ಲಾಟು ಹೊಡೆದು ನೋಡಿ, ಒಳ್ಳೆಯದು ಸಿಕ್ಕರೆ ಪೆಟ್ಟಿಗೆಗಟ್ಟಲೆ ಕೊಳ್ಳುತ್ತಾರೆ.

ಹಾಗಿದ್ದರೆ ಸ್ಪರ್ಧೆಯ ರೈಫಲ್‌ಗಳಿಗೆ ಅಷ್ಟುದ್ದ ನಳಿಗೆ ಯಾಕೆ? ಎರಡು ಕಾರಣ. ಮುಂದಿನ ಸೈಟು ಕಣ್ಣಿನಿಂದ ದೂರವಿದ್ದಷ್ಟೂ ಗುರಿಯಿಡುವ ತಪ್ಪು ಸಣ್ಣದಾಗುತ್ತದೆ. ಮತ್ತೆ ಮುಂಭಾಗ ಭಾರವಿದ್ದರೆ ಕೈ ನಡುಗುವುದು ಕಡಿಮೆ ಕಾಣುತ್ತದೆ. ಎರಡಕ್ಕೂ ನಿಜವಾದ ನಳಿಗೆಯೇ ಬೇಕೆಂದಿಲ್ಲ. ನೀವು ಬರೆದ ಗಿಡ್ಡ ರೈಫಲಿನ ಮುಂದಿರುವ ಖಾಲಿ ಕೊಳವೆ ಅದಕ್ಕೇ. ಗುಂಡು ಅದನ್ನು ಮುಟ್ಟದೆ ಹಾದುಹೋಗುತ್ತದೆ, ತುದಿಯಲ್ಲಿ ಸೈಟು ಕೂರುತ್ತದೆ. ಇದರಲ್ಲಿ ಇನ್ನೊಂದು ಲಾಭ: ನಳಿಗೆ 19 ಸೆಂ.ಮೀ. ಕಡಿಮೆಯಾದ್ದರಿಂದ ಗುಂಡು ಸುಮಾರು 0.6 ಮಿಲಿಸೆಕೆಂಡ್ ಬೇಗ ಕೈಯಿಂದ ಬಿಡುಗಡೆಯಾಗುತ್ತದೆ. ಕೇಳಲು ಏನೂ ಅಲ್ಲ ಅನ್ನಿಸಬಹುದು, ಆದರೆ ಟ್ರಿಗರ್ ಒತ್ತಿದ ಮೇಲೆ ಹುಡುಗಿಯ ಉಸಿರು, ನಾಡಿ, ಹೆಗಲು ರೈಫಲನ್ನು ಅಲುಗಿಸಬಹುದಾದ ಸಮಯ ಅಷ್ಟು ಕಡಿಮೆ.

ಆದ್ದರಿಂದ ಆ ಒಂದು ಲಕ್ಷ ಉದ್ದಕ್ಕೆ ಕೊಡಬೇಡಿ. ಗಿಡ್ಡದ್ದೇ ಕೊಳ್ಳಿ ಎಂದೂ ನಾನು ಹೇಳುವುದಿಲ್ಲ, ನೋಡಬೇಕಾದ್ದು ಬೇರೆ. ಕೋಚನ್ನು ಕರೆದುಕೊಂಡು ಹೋಗಿ. ಹಿಂಬದಿಯ ದಿಮ್ಮಿ, ಕೆನ್ನೆಯ ಆಸರೆ ಮಗಳ ಮೈಗೆ ಹೊಂದುವಷ್ಟು ಸರಿಸಲು ಬರುತ್ತದೆಯೇ ನೋಡಿ. ಮೂರು ಭಂಗಿಗಳಲ್ಲೂ ಅವಳು ಎತ್ತಿ ಹಿಡಿಯಲಿ. ಎರಡನ್ನೂ ಆಸರೆಗೆ ಕಟ್ಟಿ, ಒಂದೇ ಲಾಟಿನ ತೋಟೆಯಲ್ಲಿ ಹತ್ತತ್ತು ಗುಂಡು ಹೊಡೆಸಿ, ಯಾವುದರ ಗುಂಪು ಚಿಕ್ಕದು ನೋಡಿ. ಮಾರುವವನು ಹೊಡೆಸಲು ಒಪ್ಪದಿದ್ದರೆ ಎಫ್‌ಡಿ ಬ್ಯಾಂಕಿನಲ್ಲೇ ಇರಲಿ.

ಇನ್ನು ಅವರ ಎರಡನೇ ಪ್ರಶ್ನೆ. ಮಾವನವರ ಹಳೆಯ ಕೇಪಿನ ಕೋವಿಯನ್ನು ನೆನಪಿಗಾಗಿ ಥಾಣೆಯ ಫ್ಲ್ಯಾಟಿಗೆ ತರಬೇಕೆಂದಿದ್ದಾರೆ. ಹಾಲಿನ ಗೋಡೆಗೆ ಹಿಡಿಸುವುದಿಲ್ಲ, ಹೇಗೂ ಹೊಡೆಯುವುದಿಲ್ಲವಲ್ಲ, ವೆಲ್ಡಿಂಗ್ ಅಂಗಡಿಯಲ್ಲಿ ಒಂದಡಿ ಕತ್ತರಿಸಬಹುದೇ ಎಂದು ಕೇಳಿದ್ದಾರೆ. ದಯವಿಟ್ಟು ಬೇಡ. ನಮ್ಮ ಶಸ್ತ್ರಾಸ್ತ್ರ ಕಾಯಿದೆಯ 6ನೇ ಸೆಕ್ಷನ್ ಪ್ರಕಾರ ಬಂದೂಕಿನ ನಳಿಗೆ ಗಿಡ್ಡ ಮಾಡುವುದಕ್ಕೇ ಪ್ರತ್ಯೇಕ ಲೈಸೆನ್ಸ್ ಬೇಕು, ಇಲ್ಲದೆ ಮಾಡಿದರೆ ಅಪರಾಧ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಗರಗಸಕ್ಕಲ್ಲ. ಅದನ್ನು ಕೊಡಗಿನಿಂದ ಮಹಾರಾಷ್ಟ್ರಕ್ಕೆ ತರುವ ಮಾತಿದ್ದರೆ ಮೊದಲು ಮಡಿಕೇರಿಯಲ್ಲೂ ಥಾಣೆಯಲ್ಲೂ ಪೊಲೀಸರನ್ನು ಲಿಖಿತವಾಗಿ ಕೇಳಿ. ಗೋಡೆ ಸಾಲದಿದ್ದರೆ ಕೋವಿ ವಿರಾಜಪೇಟೆಯಲ್ಲೇ ಇರಲಿ. ಸೆಪ್ಟೆಂಬರಿನಲ್ಲಿ ಮಗಳನ್ನು ಕರೆದುಕೊಂಡು ಹಬ್ಬಕ್ಕೆ ಹೋಗಿ, ತೆಂಗಿನಕಾಯಿಗೆ ಯಾರು ಮೊದಲು ಹೊಡೆಯುತ್ತಾರೆ, ತಾತನೋ ಮೊಮ್ಮಗಳೋ, ನನಗೂ ಬರೆದು ತಿಳಿಸಿ.